ಎಡಗಾಲಿನ ಬೇಸಿಗೆ

ನನ್ನ ಗಾಡಿಯಲ್ಲಿ ಎಡಗಾಲಿಗೆ ವರ್ಷವಿಡೀ ಬೇಸಿಗೆ. ಎಸಿ ಹಾಕಿದರೆ ಮೂಗು ಮಡಿಕೇರಿ ತಲುಪುತ್ತದೆ, ಎಡಗಾಲು ಮಾತ್ರ ಕಲಬುರಗಿಯಲ್ಲೇ ಉಳಿಯುತ್ತದೆ. ಹೆಬ್ಬಾಳದ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರಂತೂ ಕೇಳಲೇಬೇಡಿ. ಗಾಡಿ ಓಡುತ್ತಿದ್ದರೆ ಕೆಳಗೆ ಒಂದಿಷ್ಟು ಗಾಳಿ ಆಡುತ್ತದೆ. ನಿಂತರೆ ಅದೂ ಇಲ್ಲ. ಎಂಜಿನ್ ಬಿಸಿ, ಗೇರ್ ಬಾಕ್ಸ್ ಬಿಸಿ, ಸೈಲೆನ್ಸರ್ ಪೈಪಿನ ಬಿಸಿ ಎಲ್ಲಾ ಸೇರಿ ನನ್ನ ಎಡ ಮೀನಖಂಡವನ್ನೇ ಹುಡುಕಿಕೊಂಡು ಬರುತ್ತವೆ. ಕ್ಲಚ್ ತುಳಿಯುವ ಕಾಲು ಬೇರೆ. ಪಕ್ಕಕ್ಕೆ ಎತ್ತಿಡೋಣ ಅಂದರೆ ಆಗುವುದಿಲ್ಲ.

ಡ್ರೈವರ್ ಸೀಟಿಗೂ ಪಕ್ಕದ ಸೀಟಿಗೂ ನಡುವೆ ನೆಲ ಉಬ್ಬಿಕೊಂಡಿರುತ್ತದಲ್ಲ, ಅದಕ್ಕೆ ಗ್ಯಾರೇಜಿನವರು ಟನಲ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಗೂನು. ನನ್ನದು ಹಳೇ ಡೀಸೆಲ್ ಗಾಡಿ. ಎಂಜಿನ್ ಮುಂದೆ, ಎಳೆಯುವ ಚಕ್ರ ಹಿಂದೆ. ನಡುವೆ ಗೇರ್ ಬಾಕ್ಸು, ಅದರಿಂದ ಹಿಂದಕ್ಕೆ ತಿರುಗುವ ಉದ್ದ ಶಾಫ್ಟು. ಇವಕ್ಕೆಲ್ಲ ಜಾಗ ಬೇಕು ಅಂತ ನೆಲದ ತಗಡನ್ನು ಮೇಲಕ್ಕೆ ಉಬ್ಬಿಸಿರುತ್ತಾರೆ. ಹಿಂದಿನ ಸೀಟಿನ ನಡುವೆ ಕೂತವರ ಮೊಣಕಾಲು ಗಲ್ಲಕ್ಕೆ ತಾಗುವುದು ಇದರಿಂದಲೇ. ಆ ಜಾಗ ಯಾವಾಗಲೂ ಮನೆಯ ಕಿರಿಯ ಮಗುವಿಗೇ ಮೀಸಲು.

1983ರಲ್ಲಿ ಬಂದ ಮಾರುತಿ 800ಕ್ಕೆ ಎಂಜಿನ್ನೂ ಮುಂದೆ, ಎಳೆಯುವ ಚಕ್ರವೂ ಮುಂದೆ. ಹಿಂದಕ್ಕೆ ಶಾಫ್ಟ್ ಕಳಿಸುವ ಗೊಡವೆಯೇ ಇಲ್ಲ. ಹಳೇ ಅಂಬಾಸಡರಿಗೆ ಶಾಫ್ಟ್ ಇತ್ತು. ಆದರೆ ಗೇರ್ ರಾಡು ಸ್ಟೀರಿಂಗ್ ಪಕ್ಕದಲ್ಲಿತ್ತು, ಮುಂದಿನ ಉದ್ದ ಸೀಟಿನಲ್ಲಿ ಮೂರು ಜನ ಕೂರುತ್ತಿದ್ದರು. ಬಿಸಿ ಮೂವರಿಗೂ ಹಂಚಿಹೋಗುತ್ತಿತ್ತು. ನನ್ನ ಗಾಡಿಯಲ್ಲಿ ಪೂರ್ತಿ ಪಾಲು ನನಗೇ.

ಬಿಸಿ ಒಂದೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಜೊತೆಗೆ ಶಬ್ದ. ಎಪ್ಪತ್ತರ ಸ್ಪೀಡಿನಲ್ಲಿ ಗೂನು ‘ಗುಂಯ್’ ಅಂತ ಶುರು ಮಾಡುತ್ತದೆ. ಹೆಂಡತಿ ಏನೋ ಹೇಳುತ್ತಾಳೆ, ನಾನು ‘ಹೂಂ’ ಅನ್ನುತ್ತೇನೆ. ಹೀಗೆ ‘ಹೂಂ’ ಅಂದಿದ್ದರಿಂದ ನಾನು ಒಪ್ಪಿಕೊಂಡ ಮದುವೆಗಳು, ಗೃಹಪ್ರವೇಶಗಳು, ಒಂದು ಹೊಸ ಸೋಫಾ ಸೆಟ್ಟು, ಇವುಗಳ ಲೆಕ್ಕ ಬೇರೆಯೇ ಇದೆ.

ಮನೆಯವರಿಗೆ ನನ್ನ ಕಾಲಿನ ಕಷ್ಟ ಅರ್ಥವಾಗಿದ್ದು ದೋಸೆ ಹಿಟ್ಟಿನಿಂದ. ಜನವರಿಯ ಚಳಿ. ಬೆಂಗಳೂರಿನಲ್ಲಿ ಆಗ ಹಿಟ್ಟು ಹುಳಿ ಬರುವುದೇ ಇಲ್ಲ ಅಂತ ಎಲ್ಲರ ಮನೆಯಲ್ಲೂ ಗೊಣಗಾಟ ಅಲ್ವಾ? ಜಯನಗರದಲ್ಲಿ ಒಂದು ಹಿಟ್ಟಿನ ಪ್ಯಾಕೆಟ್ ತಗೊಂಡು, ಗೂನಿಗೆ ಒರಗಿಸಿಟ್ಟು ಯಲಹಂಕಕ್ಕೆ ಹೊರಟೆವು. ಮೇಖ್ರಿ ಸರ್ಕಲ್ಲಿನಲ್ಲಿ ನೋಡಿದರೆ ಪ್ಯಾಕೆಟ್ ಹೊಟ್ಟೆ ಉಬ್ಬಿಸಿಕೊಂಡಿದೆ. ಮನೆ ಮುಟ್ಟುವಷ್ಟರಲ್ಲಿ ಮೂಲೆಯಿಂದ ಹಿಟ್ಟು ಉಕ್ಕಿ ಹ್ಯಾಂಡ್‌ಬ್ರೇಕಿನ ಸಂದಿಗೆ ಇಳಿದಿತ್ತು. ಮರುದಿನ ದೋಸೆ ಮಾತ್ರ ಹೂವಿನಂತೆ ಅರಳಿತು, ಅದನ್ನು ಒಪ್ಪಿಕೊಳ್ಳಬೇಕು. “ಇನ್ಮೇಲೆ ರಾತ್ರಿ ಹಿಟ್ಟಿನ ಪಾತ್ರೆ ಗಾಡೀಲೇ ಇಡೋಣ ಕಣ್ರೀ” ಅಂದಳು. ಒಂದು ರೌಂಡ್ ಹೊಡೆದುಕೊಂಡು ಬರುವುದು ಯಾರು ಅಂತ ಕೇಳಲಿಲ್ಲ.

ಅದೇ ಸಂಕ್ರಾಂತಿಗೆ ಮಾವ ಬಂದರು.

ಮಾವ ಅಂದರೆ ಹೆಂಡತಿಯ ಅಪ್ಪ. ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ರಿಟೈರ್ ಆದವರು. ಚಿಕ್ಕಮಗಳೂರು, ಮೂಡಿಗೆರೆ, ಚಾರ್ಮಾಡಿ ಘಾಟಿ, ಧರ್ಮಸ್ಥಳ, ಅದೇ ದಾರಿಯಲ್ಲಿ ಅರ್ಧ ಆಯಸ್ಸು ಕಳೆದಿದ್ದಾರೆ. ಒಳ್ಳೆಯ ಮನುಷ್ಯ. ಕುಡಿತ ಇಲ್ಲ, ಇಸ್ಪೀಟು ಇಲ್ಲ. ಇರುವುದು ಒಂದೇ ಚಟ. ಕಂಡಿದ್ದನ್ನೆಲ್ಲ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ.

ತೆಂಗಿನಕಾಯಿ, ಹಲಸಿನಹಣ್ಣು, ಕಲ್ಲಂಗಡಿಯನ್ನು ಎಲ್ಲರೂ ತಟ್ಟುತ್ತಾರೆ. ಮಾವ ಅಲ್ಲಿಗೆ ನಿಲ್ಲುವುದಿಲ್ಲ. ಬಾಗಿಲು ತಟ್ಟಿದರೆ ಒಳಗಿರುವವರು ತೆಗೆಯಲಿ ಅಂತಲ್ಲ, ಮರ ಯಾವುದು ಅಂತ ನೋಡಲು. ಹೋಟೆಲಿನಲ್ಲಿ ಟೇಬಲ್ ತಟ್ಟುತ್ತಾರೆ. ಮಾಣಿ ಓಡಿಬಂದು “ಏನ್ ಕೊಡ್ಲಿ ಸಾರ್?” ಅಂದರೆ, “ಇದು ಪ್ಲೈವುಡ್ಡಾ?” ಅಂತ ಕೇಳುತ್ತಾರೆ. ಸ್ಟೀಲ್ ಪಾತ್ರೆ ಅಂಗಡಿಗೆ ಅವರನ್ನು ಕರೆದುಕೊಂಡು ಹೋಗುವ ಹಾಗೇ ಇಲ್ಲ. ನನ್ನನ್ನು ನೋಡಲು ಬಂದಾಗಲೂ ಅಷ್ಟೇ. ಮಿಕ್ಕವರು ಹುಡುಗನ ಸಂಬಳ ಕೇಳುತ್ತಿದ್ದರೆ ಇವರು ಎದ್ದು ಹೋಗಿ ನಮ್ಮ ಹಾಲಿನ ಗೋಡೆಗೆ ಎರಡು ಸಲ ತಟ್ಟಿ, ಕಿವಿ ಕೊಟ್ಟು, “ಗಟ್ಟಿ ಇದೆ” ಅಂದರಂತೆ. ಮದುವೆ ಮಾತು ಅಲ್ಲಿಗೆ ಮುಗಿಯಿತು. ಅದು ಬಾಡಿಗೆ ಮನೆ ಅಂತ ನಮ್ಮಮ್ಮ ಹೇಳಲಿಲ್ಲ.

ಹೋದ ವರ್ಷ ಕೆಮ್ಮು ಅಂತ ಡಾಕ್ಟರ ಹತ್ತಿರ ಹೋಗಿದ್ದೆವು. ಡಾಕ್ಟರು ಬೆನ್ನಿನ ಮೇಲೆ ಬೆರಳಿಟ್ಟು ತಟ್ಟಿದರು. ಮಾವ ತಲೆ ತಿರುಗಿಸದೆಯೇ, “ಡಾಕ್ಟ್ರೇ, ಆ ಎಡಗಡೆದು ಸರಿ ಬರಲಿಲ್ಲ. ಇನ್ನೊಂದ್ಸಲ ಹೊಡೀರಿ” ಅಂದರು. ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿದ್ದ ಮೂತ್ರಪಿಂಡದ ಚಿತ್ರ ನೋಡಿದೆ. ಮನೆಗೆ ಬಂದ ಮೇಲೆ ಹುಡುಕಿದರೆ, ಮಾವನ ಪರವಾಗಿಯೇ ಸಾಕ್ಷಿ ಸಿಕ್ಕಿತು. ಎದೆ ತಟ್ಟಿ ರೋಗ ಗುರುತಿಸುವ ಕ್ರಮವನ್ನು 1761ರಲ್ಲಿ ಪುಸ್ತಕ ಮಾಡಿ ಹೇಳಿದವರು ವಿಯೆನ್ನಾದ ಆವೆನ್‌ಬ್ರುಗ್ಗರ್ ಎಂಬ ಡಾಕ್ಟರು. ಅವರಪ್ಪ ಛತ್ರ ನಡೆಸುತ್ತಿದ್ದವರು. ಪೀಪಾಯಿ ತಟ್ಟಿ ಒಳಗೆ ಎಷ್ಟು ತುಂಬಿದೆ ಅಂತ ನೋಡುತ್ತಿದ್ದುದನ್ನು ಮಗ ಎದೆಗೆ ತಂದ ಅಂತ ಹೇಳುತ್ತಾರೆ. ಇದನ್ನು ಮಾವನಿಗೆ ಹೇಳಬಾರದಿತ್ತು. ಈಗ ಮೊಮ್ಮಕ್ಕಳಿಗೆ ನೆಗಡಿ ಬಂದರೂ ತಟ್ಟುತ್ತಾರೆ.

ಅಂಥವರ ಕೈಗೆ ನನ್ನ ಗಾಡಿಯ ಗೂನು ಸಿಕ್ಕಿತು. ಕಾರ್ಪೆಟ್ ಅಂಚು ಎತ್ತಿ ತಗಡಿಗೆ ತಟ್ಟಿದರು. ಟಣ್. ಇನ್ನೊಂದು ಕಡೆ. ಟಣ್. “ಅಳಿಯಂದ್ರೇ, ಇದು ಖಾಲಿ ಡಬ್ಬ. ಕೆಳಗೆ ಏನು ಅಲ್ಲಾಡಿದರೂ ಇದೂ ಅಲ್ಲಾಡುತ್ತೆ. ಇದಕ್ಕೆ ಮೈ ಭಾರ ಆಗಬೇಕು. ಧಪ್ ಅನ್ನಬೇಕು.”

ಹೇಳಿದ್ದು ನೂರಕ್ಕೆ ನೂರು ಸರಿ. ತೆಳ್ಳಗಿನ ತಗಡು ನಡುಗಿದಾಗ ಅದೇ ಸ್ಪೀಕರ್ ಆಗುತ್ತದೆ. ಅದಕ್ಕೆ ಅಂಟುವ, ಭಾರವಾದ, ಸ್ವಲ್ಪ ಮೆತ್ತಗಿರುವ ಏನನ್ನಾದರೂ ಮೆತ್ತಿದರೆ ನಡುಕ ಅದರೊಳಗೇ ಸಾಯುತ್ತದೆ. ಆ ‘ಏನನ್ನಾದರೂ’ ಯಾವುದು ಅನ್ನುವುದರಲ್ಲೇ ನಮ್ಮ ಗ್ರಹಚಾರ ಕೆಟ್ಟಿದ್ದು.

ನಮ್ಮ ಏರಿಯಾದ ಟಿಂಕರಿಂಗ್ ಶಾಪಿನವನು, “ಗಾಡಿ ಸಾಮಾನಿನ ಅಂಗಡಿ ಹುಡುಕ್ಕೊಂಡು ಜೆ.ಸಿ. ರೋಡಿಗೆಲ್ಲ ಯಾಕ್ ಸಾರ್ ಹೋಗ್ತೀರ? ಟೆರೇಸ್ ಸೋರದೆ ಇರೋಕೆ ಹಾಕ್ತಾರಲ್ಲ, ಆ ಶೀಟ್ ಇದೆ. ಎಲ್ಲಾ ಒಂದೇ ಮಾಲು” ಅಂದ. ಮಾವ ಶೀಟಿಗೂ ತಟ್ಟಿ ನೋಡಿದರು. ಅಂಟಿಸಿದ ಮೇಲೆ ಗೂನಿಗೆ ತಟ್ಟಿದರು. ಧಪ್. ಮಾವನ ಮುಖದಲ್ಲಿ ಹಲಸಿನಹಣ್ಣು ಗೆದ್ದ ಖುಷಿ. ಶಬ್ದ ನಿಜವಾಗಿಯೂ ಕಡಿಮೆಯಾಗಿತ್ತು.

ಆಮೇಲೆ ಮಾರ್ಚ್ ಬಂತು.

ಒಂದು ಭಾನುವಾರ ಮಧ್ಯಾಹ್ನ ಎಲ್ಲೋ ಊಟಕ್ಕೆ ಹೋಗಿ ಬರುತ್ತಿದ್ದೆವು. ನಮ್ಮ ಬಡಾವಣೆಯ ತಿರುವಿನಲ್ಲಿ ಹೆಂಡತಿ ಮೂಗರಳಿಸಿ, “ರೀ, ಡಾಂಬರಿನ ವಾಸನೆ! ನಮ್ಮ ರಸ್ತೆಗೆ ಟಾರು ಹಾಕ್ತಿದ್ದಾರೆ!” ಅಂದಳು. ಬೆಂಗಳೂರಿನವರಿಗೆ ಈ ಸಂತೋಷ ಎಂಥದ್ದು ಅಂತ ಬಿಡಿಸಿ ಹೇಳಬೇಕಿಲ್ಲ. ಪೈಪ್ ಹಾಕಲು ಅಗೆದು, ಕೇಬಲ್ ಹಾಕಲು ಅಗೆದು, ಯಾಕೆ ಅಗೆದೆವು ಅಂತ ನೋಡಲು ಮತ್ತೊಮ್ಮೆ ಅಗೆದು ಬಿಟ್ಟಿದ್ದ ರಸ್ತೆ ಅದು. ಅವಳು ಅಲ್ಲೇ ಮೊಬೈಲ್ ತೆಗೆದು ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಹಾಕಿದಳು: ‘ಗುಡ್ ನ್ಯೂಸ್. ರಸ್ತೆ ಕೆಲಸ ಶುರು.’

ಚಪ್ಪಾಳೆಗಳು ಬಂದವು. ಕೈಮುಗಿದ ಗೊಂಬೆಗಳು ಬಂದವು. ಒಬ್ಬರು ಸಂಬಂಧಪಟ್ಟ ಎಲ್ಲರಿಗೂ ಧನ್ಯವಾದ ಹೇಳಿ, ಇದರ ಹಿಂದೆ ತಮ್ಮ ಎಷ್ಟು ಓಡಾಟವಿದೆ ಅಂತ ನಾಲ್ಕು ಪ್ಯಾರಾ ಬರೆದರು. ಇನ್ನೊಬ್ಬರು ಅದಕ್ಕೆ ತಕರಾರು ತೆಗೆದು, ಓಡಾಡಿದ್ದು ತಾವು ಅಂದರು. ನಾವು ಗಾಜು ಇಳಿಸಿ ಆ ಕಡೆ ಈ ಕಡೆ ನೋಡುತ್ತ ಬಂದೆವು. ರೋಲರ್ ಇಲ್ಲ, ಜಲ್ಲಿ ಇಲ್ಲ, ಒಂದು ಬಾಂಡ್ಲಿ ಕೂಡ ಇಲ್ಲ. ವಾಸನೆ ಮಾತ್ರ ಗೇಟಿನವರೆಗೂ ಬಂತು. ಗ್ಯಾರೇಜಿನೊಳಗೂ ಬಂತು. ಇಳಿಯಲು ಹೋದರೆ ನನ್ನ ಎಡ ಚಪ್ಪಲಿ ಕಾರ್ಪೆಟ್ಟಿಗೆ ಅಂಟಿಕೊಂಡಿತ್ತು. ಕಾರ್ಪೆಟ್ ಎತ್ತಿದರೆ ಎಳೆ ಎಳೆಯಾಗಿ ಕರಿ ಜಿಗಟು. ಗೂನಿನ ಬಿಸಿಗೆ ಟೆರೇಸ್ ಶೀಟು ಕರಗಿ ತನ್ನ ಪಾಡಿಗೆ ಕೆಳಗಿಳಿಯುತ್ತಿತ್ತು.

ಗ್ರೂಪಿನಲ್ಲಿ ತಿದ್ದುಪಡಿ ಹಾಕು ಅಂದೆ. “ಬೇಡ ಸುಮ್ನಿರಿ, ಇಬ್ಬರೂ ಸನ್ಮಾನ ಮಾಡಿಸಿಕೊಳ್ಳಲು ರೆಡಿ ಆಗಿದ್ದಾರೆ” ಅಂದಳು. ನನಗೆ ಸಿಟ್ಟು ಬಂದಿದ್ದು ‘ಎಲ್ಲಾ ಒಂದೇ ಮಾಲು’ ಅಂದವನ ಮೇಲೆ. ಟೆರೇಸಿಗೆ ಕೆಳಗಿನಿಂದ ಸೈಲೆನ್ಸರ್ ಇರುವುದಿಲ್ಲ ಮಾರಾಯ! ಆ ಪೈಪು ಎಂಜಿನ್ನಿನ ಹತ್ತಿರ ನೂರಾರು ಡಿಗ್ರಿ ಬಿಸಿಯಿರುತ್ತದೆ.

ಕೊನೆಗೆ ಜೆ.ಸಿ. ರೋಡಿಗೇ ಹೋದೆವು. ‘ಹೋದೆವು’ ಅಂದರೆ ಮಾವನೂ. ಊರಿಗೆ ಹೋದವರು ಇದಕ್ಕೋಸ್ಕರವೇ ವಾಪಸ್ ಬಂದಿದ್ದರು.

ಅಂಗಡಿಯ ಹುಡುಗ ಸೀಟು, ಕಾರ್ಪೆಟ್ಟು ಎಲ್ಲಾ ಬಿಚ್ಚಿ ಫುಟ್‌ಪಾತಿನಲ್ಲಿ ಜೋಡಿಸಿದ. ನಮ್ಮ ಸಂಸಾರದ ಒಳಗುಟ್ಟು ಹೊರಗೆ ಬಂತು. ಕಡಲೆಕಾಯಿ ಸಿಪ್ಪೆ, ಪೆನ್ನಿನ ಮುಚ್ಚಳ, ಕಪ್ಪಾದ ಎರಡು ರೂಪಾಯಿ ನಾಣ್ಯ, ಯಾರದೋ ಮದುವೆಯ ತಾಂಬೂಲದ ಬಟ್ಟಲಡಿಕೆ, ಒಣಗಿದ ದೋಸೆ ಹಿಟ್ಟಿನ ಹಪ್ಪಳ. ಕಾರ್ಪೆಟ್ಟಿನ ಕೆಳಗೆ ಕಂಪನಿಯವರು ಹಾಕಿದ್ದ ಚಿಂದಿ ಬಟ್ಟೆಯ ದಪ್ಪ ಹಾಸು ಹೋದ ಮಳೆಗಾಲದ ನೀರನ್ನು ಇನ್ನೂ ಹಿಡಿದಿಟ್ಟುಕೊಂಡಿತ್ತು. ಹಿಂಡಿದರೆ ಇಳಿಯಿತು.

ಕರಗಿದ ಶೀಟು ಕೀಳುವುದೇ ದೊಡ್ಡ ಕೆಲಸ. ಕೆರೆದರೆ ಇನ್ನಷ್ಟು ಹರಡುತ್ತದೆ. ಡಾಂಬರು ತಣ್ಣಗಾದರೆ ಗಡಸಾಗಿ ಚಕ್ಕೆ ಏಳುತ್ತದೆ. ಇದಕ್ಕೆ ಡ್ರೈ ಐಸ್ ಹಾಕುವವರಿದ್ದಾರೆ. ನಮ್ಮ ಹುಡುಗ ಪಕ್ಕದ ಕಬ್ಬಿನ ಹಾಲಿನವನ ಹತ್ತಿರ ಒಂದು ಗೋಣಿ ಐಸ್ ತಂದು ಗೂನಿನ ಮೇಲೆ ಮಲಗಿಸಿ, ಉಳಿಯಿಂದ ತಟ್ಟಿ ತಟ್ಟಿ ಎಬ್ಬಿಸಿದ. ತಟ್ಟುವ ಕೆಲಸ ಅಂದ ಕೂಡಲೇ ಮಾವ ಸ್ಟೂಲಿನಿಂದ ಎದ್ದರು. ಅಲ್ಲಿಂದ ಮುಂದೆ ಅವರನ್ನು ಕೂರಿಸಲಾಗಲಿಲ್ಲ.

ತಗಡನ್ನು ಥಿನ್ನರಿನಿಂದ ಒರೆಸಿ, ಹುಡುಗ ಬ್ಯೂಟೈಲ್ ಶೀಟು ತೆಗೆದ. ಒಂದು ಕಡೆ ಕಪ್ಪು ರಬ್ಬರಿನ ಅಂಟು, ಇನ್ನೊಂದು ಕಡೆ ಬೆಳ್ಳಿ ಹಾಳೆ. ಒಟ್ಟು ಎರಡು ಮಿಲಿಮೀಟರ್ ದಪ್ಪ. ಅಂಟಿಸಿ, ಪುಟ್ಟ ಹಲ್ಲಿನ ರೋಲರಿನಿಂದ ಉಜ್ಜಬೇಕು. ಬೆಳ್ಳಿಯ ಮೇಲಿನ ಚೌಕುಳಿ ಗುರುತು ಮಾಯವಾಗುವ ತನಕ ಉಜ್ಜಿದರೆ ಸರಿಯಾಗಿ ಕೂತಿದೆ ಅಂತ ಅರ್ಥ. “ಪೂರ್ತಿ ಮುಚ್ಚಬೇಕಾಗಿಲ್ಲ ಸಾರ್, ತಗಡಿನ ಕಾಲು ಭಾಗಕ್ಕೆ ಹಾಕಿದ್ರೂ ನಡುಕ ನಿಲ್ಲುತ್ತೆ. ಆದ್ರೆ ಕಸ್ಟಮರ್ಸ್ ಒಪ್ಪಲ್ಲ. ಬೆಳ್ಳಿ ಪೂರ್ತಿ ಕಾಣಬೇಕು ಅಂತಾರೆ” ಅಂದ. ಕಾರ್ಪೆಟ್ ಹಾಕಿದ ಮೇಲೆ ಯಾರಿಗೆ ಕಾಣಬೇಕು ಅಂತ ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಮಾವ, “ಪೂರ್ತಿ ಹಾಕಪ್ಪ” ಅಂದರು.

ಅವನು ಒಂದು ತುಂಡು ಅಂಟಿಸುವುದು, ಮಾವ ತಟ್ಟುವುದು. ಇನ್ನೊಂದು ತುಂಡು. ತಟ್ಟುವುದು. “ತಾತ, ಇನ್ನೂ ಉಜ್ಜಿಲ್ಲ.” ಟಕ್. “ತಾತ, ಅದು ನನ್ನ ಮೊಣಕಾಲು.” ಒಂದು ಹೊತ್ತಿಗೆ ಪಕ್ಕದ ಅಂಗಡಿಗಳ ಹುಡುಗರೂ ಬಂದು ನಿಂತು, ಮಾವ ಧಪ್ ಅಂದರೆ ತಲೆಯಾಡಿಸುತ್ತಿದ್ದರು.

ಬಿಸಿಯ ವಿಷಯಕ್ಕೆ ಬಂದರೆ ಬೆಳ್ಳಿ ಹಾಳೆಯ ಮೇಲೆ ನಮಗಿದ್ದ ನಂಬಿಕೆ ಅಲ್ಲೇ ಹೋಯಿತು. ಹೊಳೆಯುವ ಹಾಳೆ ಬಿಸಿಯನ್ನು ವಾಪಸ್ ಕಳಿಸುವುದು ನಿಜ, ಆದರೆ ಅದರ ಮುಂದೆ ಸ್ವಲ್ಪ ಗಾಳಿ ಆಡುವ ಜಾಗ ಇರಬೇಕು. ತಗಡಿಗೂ ಕಾರ್ಪೆಟ್ಟಿಗೂ ನಡುವೆ ಒತ್ತಿಬಿಟ್ಟರೆ ಅದೂ ಇನ್ನೊಂದು ತಗಡು ಅಷ್ಟೇ. ಹಾಗಾಗಿ ಅದರ ಮೇಲೆ ಕಪ್ಪು ಫೋಮು ಹಾಕಿದರು. ನೀರು ಕುಡಿಯದ ಜಾತಿಯದು. ಸಾದಾ ಸ್ಪಂಜು ಹಾಕಿದರೆ ಮಳೆಗಾಲದಲ್ಲಿ ಗಾಡಿ ಒದ್ದೆ ನಾಯಿಯ ವಾಸನೆ ಹೊಡೆಯುತ್ತದೆ. ಕೆಳಗಡೆ ಸೈಲೆನ್ಸರ್ ಪೈಪಿಗೂ ಗೂನಿಗೂ ನಡುವೆ, ಒಂದು ಬೆರಳು ಸಂದಿ ಬಿಟ್ಟು, ತಗಡಿನ ಮರೆ ಕಟ್ಟಿದರು. ನನ್ನನ್ನು ಕೇಳಿದರೆ ಒಳಗಿನ ಬೆಳ್ಳಿಗಿಂತ ಆ ಹೊರಗಿನ ತಗಡೇ ಕೆಲಸಕ್ಕೆ ಬಂದಿದ್ದು.

ಆದರೂ ಸೀಟು ಕೂರಿಸಿ ಎಂಜಿನ್ ಶುರು ಮಾಡಿದರೆ ಸ್ವಲ್ಪ ಹೊತ್ತಿಗೆ ಕಾಲಿಗೆ ಮತ್ತೆ ಬಿಸಿ ಗಾಳಿ. ಹುಡುಗ ತಲೆ ಕೆರೆದುಕೊಂಡ. ಮಾವ ಏನೂ ಹೇಳದೆ ಜೇಬಿನಿಂದ ಊದುಬತ್ತಿ ತೆಗೆದು ಹಚ್ಚಿದರು. ಡ್ಯೂಟಿಯ ಕಾಲದಿಂದ ಬಂದ ಅಭ್ಯಾಸ, ಗಾಡಿಗೆ ಪೂಜೆ ಮಾಡುತ್ತಾರೆ ಅಂದುಕೊಂಡು ನಾನು ಚಪ್ಪಲಿ ಬಿಟ್ಟೆ. ಅಂಗಡಿ ಯಜಮಾನರು ಒಳಗಿಂದ, “ಥಿನ್ನರ್ ಇದೆ ಅಜ್ಜಾ!” ಅಂತ ಕೂಗುತ್ತಾ ಓಡಿಬಂದರು. ಗಾಡಿಯನ್ನು ಆಚೆ ತಂದು, ಎಲ್ಲಾ ಬಾಗಿಲು ತೆಗೆದು, ಎರಡನೇ ಸಲ ಹಚ್ಚಿದರು. ಊದುಬತ್ತಿಯನ್ನು ಗೂನಿನ ಉದ್ದಕ್ಕೂ ನಿಧಾನವಾಗಿ ತಂದರು. ಹೊಗೆ ನೆಟ್ಟಗೆ ಏಳುತ್ತಿತ್ತು. ಗೇರ್ ರಾಡಿನ ಬುಡಕ್ಕೆ ಬಂದ ಕೂಡಲೇ ಚೆದುರಿ ಓಡಿತು.

ಗೇರ್ ರಾಡು ನೆಲ ತೂರಿ ಬರುವಲ್ಲಿ ಒಂದು ರಬ್ಬರ್ ಬೂಟು ಇರುತ್ತದೆ. ಮೇಲೆ ಚೆಂದದ ರೆಕ್ಸಿನ್ ಮುಚ್ಚಿರುವುದರಿಂದ ಕಾಣುವುದಿಲ್ಲ. ಅದು ಒಣಗಿ, ಮಡಿಕೆಯ ಗುಂಟ ಸೀಳಿಕೊಂಡಿತ್ತು. ಎಂಜಿನ್ ಬಿಸಿ, ಗೇರ್ ಬಾಕ್ಸಿನ ಗದ್ದಲ ಎರಡೂ ರಾಜಮಾರ್ಗದಲ್ಲಿ ಬರುತ್ತಿದ್ದವು. ಕಿಟಕಿ ಒಂದಿಂಚು ತೆರೆದಿದ್ದರೆ ಬೀದಿಯ ಶಬ್ದವೆಲ್ಲ ಒಳಗೆ ಬರುತ್ತದೆ ತಾನೆ? ಗೋಡೆ ಎಷ್ಟು ದಪ್ಪ ಕಟ್ಟಿದರೇನು? ಹೊಸ ಬೂಟು ಅದೇ ರೋಡಿನಲ್ಲಿ ಸಿಕ್ಕಿತು. ಅದರ ಬೆಲೆ ಅಂಗಡಿಯವರು ನಮಗೆಲ್ಲ ಕುಡಿಸಿದ ಕಾಫಿ ಟೀ ಖರ್ಚಿಗಿಂತ ತುಸು ಜಾಸ್ತಿ ಇದ್ದಿರಬಹುದು. ಬಿಲ್ಲಿನ ಮಿಕ್ಕ ಭಾಗದ ಬಗ್ಗೆ ಮಾತು ಬೇಡ.

ವಾಪಸ್ ಬರುವಾಗ ಮಾವ ಪಕ್ಕದ ಸೀಟಿನಲ್ಲಿ ಪ್ಯಾಂಟು ಸ್ವಲ್ಪ ಮೇಲೆಳೆದುಕೊಂಡು ಕೂತಿದ್ದರು. ಅವರ ಎಡಗಾಲನ್ನು ನಾನು ಸರಿಯಾಗಿ ನೋಡಿದ್ದು ಆವತ್ತೇ. ಮೊಣಕಾಲಿನಿಂದ ಕೆಳಗೆ ಕೂದಲೇ ಇಲ್ಲ. ಚರ್ಮದ ಮೇಲೆ ಬಲೆ ಬಲೆಯಾಗಿ ಕಂದು ಗೆರೆಗಳು. ಹಳೇ ಕೆಂಪು ಬಸ್ಸುಗಳಲ್ಲಿ ಎಂಜಿನ್ನು ಒಳಗೇ, ಡ್ರೈವರಿನ ಎಡಕ್ಕೆ ಇರುತ್ತಿತ್ತು. ಮೇಲೆ ಬಾನೆಟ್, ಅದರ ಮೇಲೆ ಹೊಲಿದ ರೆಕ್ಸಿನ್ ಹೊದಿಕೆ. ಮಳೆಗಾಲದಲ್ಲಿ ಕೊಟ್ಟಿಗೆಹಾರದಲ್ಲಿ ಹತ್ತಿದವರು ಆ ಬಾನೆಟ್ ಮೇಲೆ ಕೂರಲು ಜಗಳವಾಡುತ್ತಿದ್ದರಂತೆ. ಶಾಲೆ ಮಕ್ಕಳು ಒದ್ದೆ ಪುಸ್ತಕ ಅದರ ಮೇಲೆ ಹರಡುತ್ತಿದ್ದರಂತೆ. ಒಂದು ಹೆಂಗಸು ಬಾಣಂತಿ ಮಗಳನ್ನು ಕರೆದುಕೊಂಡು ಹೋಗುವಾಗ, “ಮಗೂಗೆ ಒಂಚೂರು ಶಾಖ ಆಗ್ಲಿ” ಅಂತ ಘಾಟಿ ಇಳಿಯುವ ತನಕ ಕೂಸನ್ನು ಅಲ್ಲೇ ಮಲಗಿಸಿ ಹಿಡಿದುಕೊಂಡಿದ್ದರಂತೆ. ಮಾವ ಆವತ್ತು ಒಂದು ತಿರುವಿನಲ್ಲೂ ಜೋರಾಗಿ ಬ್ರೇಕ್ ಹಾಕಲಿಲ್ಲವಂತೆ.

“ನಿಮ್ಮ ಕಾಲಿಗೆ ಉರಿ ಆಗ್ತಿರಲಿಲ್ವಾ ಮಾವ?” ಅಂದೆ.

“ಹಾಂ?” ಅಂದು ಬಲಗಿವಿ ಈ ಕಡೆ ತಿರುಗಿಸಿದರು. ಎಡಗಿವಿ ಆ ಎಂಜಿನ್ನಿಗೇ ಹೋಗಿದೆ. ಇಷ್ಟು ವರ್ಷ ಅವರು ತಟ್ಟಿದಾಗಲೆಲ್ಲ ಕುತ್ತಿಗೆ ಓರೆ ಮಾಡಿ ಕೇಳುತ್ತಿದ್ದುದು ನನಗೆ ಸ್ಟೈಲ್ ಅನ್ನಿಸಿತ್ತು.

ಈಗ ಗಾಡಿಯ ಸ್ಥಿತಿ ಏನಪ್ಪಾ ಅಂದರೆ, ಕಾಲು ತಂಪಾಗಿದೆ. ತಂಪು ಅಂದರೆ ಕಲಬುರಗಿಯಿಂದ ತುಮಕೂರಿಗೆ ಬಂದಿದೆ. ಶಬ್ದವನ್ನು ಹುಡುಗ ಮೊಬೈಲಿನಲ್ಲಿ ಅಳೆದು, “ನೋಡಿ ಸಾರ್, 3 ಪಾಯಿಂಟ್ ಕಡಿಮೆ!” ಅಂದಿದ್ದ. 3 ಡೆಸಿಬೆಲ್ ಇಳಿದರೆ ಶಬ್ದದ ಶಕ್ತಿ ಅರ್ಧ ಆಯಿತು ಅಂತ ಲೆಕ್ಕ. ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಕಿವಿಗೆ ಅರ್ಧ ಅನ್ನಿಸಬೇಕಾದರೆ ಸುಮಾರು 10 ಇಳಿಯಬೇಕು. ದುಡ್ಡು ಮಾತ್ರ ಕಿವಿಯ ಲೆಕ್ಕದಲ್ಲೇ ಇಳಿದಿದೆ.

ಅದಕ್ಕಿಂತ ದೊಡ್ಡ ತಾಪತ್ರಯ ಬೇರೆ. ಗೂನಿನ ಗುಂಯ್ ಕಡಿಮೆಯಾದ ಮೇಲೆ ಅದರ ಹಿಂದೆ ಅಡಗಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದು ಬಂದಿದ್ದಾರೆ. ಸೀಟ್ ಬೆಲ್ಟಿನ ಕೊಂಡಿ, ಡಿಕ್ಕಿಯಲ್ಲಿರುವ ಜಾಕು, ಕನ್ನಡಕದ ಡಬ್ಬಿ. ಅವನ್ನೆಲ್ಲ ಬಟ್ಟೆ ಸುತ್ತಿ ಸುಮ್ಮನಾಗಿಸಿದೆ. ಡ್ಯಾಶ್‌ಬೋರ್ಡಿನೊಳಗಿಂದ ಒಂದು ಕಿಟ್ ಕಿಟ್ ಮಾತ್ರ ಹೋಗುತ್ತಿಲ್ಲ. ಕಾಂಕ್ರೀಟ್ ರಸ್ತೆಯಲ್ಲಿ ಇಲ್ಲ. ನಮ್ಮ ಬಡಾವಣೆಯ ರಸ್ತೆಯಲ್ಲಿ ನಿಲ್ಲುವುದೇ ಇಲ್ಲ. ಎಡಗಡೆಯಿಂದ ಅಂತ ಹೆಂಡತಿ, ಬಲಗಡೆಯಿಂದ ಅಂತ ನಾನು. ಮೊದಲಾಗಿದ್ದರೆ ಅವಳ ಮಾತು ಕೇಳಿಸದೆ ‘ಹೂಂ’ ಅಂದುಬಿಡುತ್ತಿದ್ದೆ. ಈಗ ಎಲ್ಲಾ ಸ್ಪಷ್ಟವಾಗಿ ಕೇಳಿಸುತ್ತದೆ, ಹಾಗಾಗಿ ಜಗಳವೂ ಪೂರ್ತಿ ನಡೆಯುತ್ತದೆ. ಹಿಂದಿನ ಸೀಟಿನಿಂದ ಮಾವ, “ಎಲ್ಲಿದೆ? ಏನೂ ಇಲ್ವಲ್ಲ” ಅನ್ನುತ್ತಾರೆ.

ನಿನ್ನೆ ಬೇಸತ್ತು ಹುಡುಗನಿಗೆ ಫೋನ್ ಮಾಡಿದೆ. ಡ್ಯಾಶ್‌ಬೋರ್ಡ್ ಬಿಚ್ಚಬೇಕು, ಒಂದು ದಿನ ಗಾಡಿ ಬಿಡಬೇಕು ಅಂದ. ನಾಳೆ ತರಲಾ ಅಂತ ಕೇಳಿದೆ.

“ನಿಮ್ಮದು ಮುಂದಿನ ವಾರ ನೋಡೋಣ ಸಾರ್. ತಾತ ಊರಿಗೆ ಹೋಗಿಲ್ಲ ತಾನೆ? ಇಲ್ಲೊಂದು ಗಾಡಿ ಬಂದಿದೆ, ಬಿಸಿ ಗಾಳಿ ಎಲ್ಲಿಂದ ಬರ್ತಿದೆ ಅಂತಾನೇ ಗೊತ್ತಾಗ್ತಿಲ್ಲ. ನಾಳೆ ಅವರನ್ನ ಒಂದು ಆಟೋ ಹತ್ತಿಸಿ ಕಳಿಸ್ತೀರಾ? ಊದುಬತ್ತಿ ನಾವೇ ತರ್ತೀವಿ.”